ಎಲೆ ಬಣ್ಣದ ಫೋಟೊಗೆ ಗುಂಪಾಗಿ ಎಲ್ಲಿಗೆ? ದಾವಣಗೆರೆ, ಚಿತ್ರದುರ್ಗದವರಿಗೆ ಒಂದು ಹೋಲಿಕೆ

ಕೆಂಪು, ಹಳದಿ ಎಲೆಗಳ ಕಾಡಿನ ಫೋಟೊ ತೆಗೆಯಬೇಕು, ಎಂಟು ಹತ್ತು ಜನ ಸೇರಿ ಹೋಗೋಣ ಅಂತ ಮಾತು ಶುರುವಾದರೆ ಸಾಕು, ಮೊದಲ ದಿನವೇ ನಾಲ್ಕಾರು ಹೆಸರು ಬರುತ್ತವೆ. ಒಬ್ಬರಿಗೆ ಕಾಶ್ಮೀರ, ಒಬ್ಬರಿಗೆ ಹಿಮಾಚಲ, ಇನ್ನೊಬ್ಬರಿಗೆ ಕುದುರೆಮುಖ. ಮತ್ತೊಬ್ಬರು "ಅಷ್ಟು ದೂರ ಯಾಕೆ, ಭದ್ರಾ ಕಾಡಿಲ್ವಾ?" ಅಂತಾರೆ. ಎಲ್ಲವೂ ಒಳ್ಳೆಯ ಜಾಗಗಳೇ. ಆದರೆ ಒಂದೊಂದರಲ್ಲಿ ಬಣ್ಣ ಬರುವ ತಿಂಗಳು ಬೇರೆ, ಬರುವ ಬಣ್ಣವೂ ಬೇರೆ, ಗಾಡಿಯಿಂದ ಇಳಿಯಲು ಬಿಡುವ ನಿಯಮವೂ ಬೇರೆ. ಇದನ್ನೆಲ್ಲ ನೋಡದೆ ಬರೀ ಹೆಸರು ಕೇಳಿ ಟಿಕೆಟ್ ಮಾಡಿಸಿದರೆ ದುಡ್ಡು ಖರ್ಚಾಗುತ್ತೆ, ಬೇಕಾದ ಚಿತ್ರ ಸಿಗಲ್ಲ.

ಹಾಗಾಗಿ ಜಾಗದ ಮಾತು ಆಮೇಲೆ. ಮೊದಲು ನಿಮ್ಮ ಗುಂಪು ಕೂತು ನಾಲ್ಕು ವಿಷಯ ತೀರ್ಮಾನ ಮಾಡಿಕೊಳ್ಳಲಿ.

ಮೊದಲನೆಯದು, ಯಾವ ಬಣ್ಣ ಬೇಕು. ಫೋಟೊಗಳಲ್ಲಿ ನೋಡುವ ಆ ಉರಿಯುವ ಕೆಂಪು, ಕಿತ್ತಳೆ ಬಣ್ಣ ಬರುವುದು ಚಳಿಯ ಊರುಗಳಲ್ಲಿ. ಅಲ್ಲಿ ಅಕ್ಟೋಬರ್ ಹೊತ್ತಿಗೆ ಹಗಲು ಚಿಕ್ಕದಾಗುತ್ತೆ, ರಾತ್ರಿ ಥಂಡಿ ಏರುತ್ತೆ. ಆಗ ಮರ ಎಲೆಯಲ್ಲಿನ ಹಸಿರು ಅಂಶವನ್ನು, ಅಂದರೆ ಕ್ಲೋರೊಫಿಲ್ ಅನ್ನು, ಒಡೆದು ಹಾಕುತ್ತೆ. ಒಳಗೆ ಮೊದಲಿನಿಂದಲೂ ಇದ್ದ ಹಳದಿ ಮೇಲೆ ಕಾಣುತ್ತೆ. ಕೆಲವು ಮರಗಳು ಅದೇ ಹೊತ್ತಲ್ಲಿ ಹೊಸದಾಗಿ ಕೆಂಪನ್ನೂ ತಯಾರಿಸುತ್ತವೆ. ನಮ್ಮ ಕಡೆಯ ಮರಗಳು ಎಲೆ ಉದುರಿಸುವುದು ಚಳಿಗೆ ಅಲ್ಲ, ನೀರು ಕಡಿಮೆಯಾಗುವುದಕ್ಕೆ. ಮಣ್ಣಲ್ಲಿ ತೇವ ಆರಿದಂತೆ ಎಲೆ ಬಿಡುತ್ತವೆ. ಅದಕ್ಕೇ ನಮ್ಮ ಕಾಡಿನ ಬಣ್ಣದ ಕಾಲ ಜನವರಿಯಿಂದ ಮಾರ್ಚ್. ಬಣ್ಣವೂ ಮಣ್ಣು, ತಾಮ್ರ, ಒಣಹುಲ್ಲಿನ ಕಡೆಗೆ ವಾಲುತ್ತೆ. ಅಕ್ಟೋಬರ್‌ನಲ್ಲಿ ರಜೆ ಇದೆ ಅಂತ ಕರ್ನಾಟಕದ ಕಾಡಿಗೆ ಹೋದರೆ ಕಣ್ಣಿಗೆ ತಂಪಾಗುವಷ್ಟು ಹಸಿರು ಸಿಗುತ್ತೆ, ಅಷ್ಟೇ.

ಎರಡನೆಯದು, ಇಳಿದು ನಿಲ್ಲಲು ಬಿಡುತ್ತಾರಾ? ನಾನು ಎಲ್ಲಕ್ಕಿಂತ ಜಾಸ್ತಿ ತೂಕ ಕೊಡುವುದು ಇದಕ್ಕೆ. ಹುಲಿ ಫೋಟೊ ತೆಗೆಯುವವರಿಗೆ ಜೀಪ್ ಸಾಕು. ಎಲೆ ಫೋಟೊಗೆ ಸಾಲದು. ಗಾಳಿ ನಿಲ್ಲುವವರೆಗೆ ಕಾಯಬೇಕು, ಬಿಸಿಲು ಎಲೆಯ ಹಿಂದೆ ಬರುವವರೆಗೆ ಕಾಯಬೇಕು, ಎರಡು ಹೆಜ್ಜೆ ಎಡಕ್ಕೆ ಸರಿದು ಹಿಂದಿನ ಕಂಬವನ್ನು ಫ್ರೇಮಿನಿಂದ ತೆಗೆಯಬೇಕು. ಆರು ಜನರ ಜೀಪಲ್ಲಿ ಒಬ್ಬರಿಗೆ ಬೇಕಾದ ಕಡೆ ನಿಂತರೆ ಉಳಿದ ಐದು ಜನರಿಗೆ ಮರ ಅಡ್ಡ ಬರುತ್ತೆ.

ಮೂರನೆಯದು, ಯಾರಿಗೆ ಯಾವಾಗ ಬಿಡುವು. ನಮ್ಮ ಊರಿನ ಗುಂಪುಗಳಲ್ಲಿ ಮದುವೆ ಫೋಟೊ ತೆಗೆಯುವವರು ಇದ್ದೇ ಇರುತ್ತಾರೆ. ತುಳಸಿ ಹಬ್ಬ ಮುಗಿದರೆ ಅವರಿಗೆ ಮುಹೂರ್ತಗಳ ಸಾಲು ಶುರು. ಮತ್ತೆ ಉಸಿರು ಬಿಡುವುದು ಧನುರ್ಮಾಸದಲ್ಲಿ, ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಮೆಕ್ಕೆಜೋಳ ಹಾಕಿದವರಿಗೆ ಅಕ್ಟೋಬರ್, ನವೆಂಬರ್ ಕಟಾವಿನ ಕಾಲ. ಚನ್ನಗಿರಿ ಕಡೆಯ ಅಡಿಕೆಯವರಿಗಂತೂ ಆಗ ತಲೆ ಎತ್ತಲು ಆಗಲ್ಲ. ಮೇಷ್ಟ್ರುಗಳಿಗೆ ದಸರಾ ರಜೆ ಇದೆ, ಆದರೆ ಅದು ಮುಗಿದ ಮೇಲೇ ಎಷ್ಟೋ ಸಲ ಕಾಶ್ಮೀರದಲ್ಲಿ ಬಣ್ಣ ಏರುವುದು.

ನಾಲ್ಕನೆಯದು ದುಡ್ಡು. ಒಟ್ಟು ಎಷ್ಟು ಅನ್ನುವುದರ ಜೊತೆಗೆ, ಕೊನೇ ಗಳಿಗೆಯಲ್ಲಿ ಒಬ್ಬರು ಬರಲ್ಲ ಅಂದರೆ ಎಷ್ಟು ವಾಪಸ್ ಬರುತ್ತೆ ಅನ್ನುವುದನ್ನೂ ಕೇಳಿಕೊಳ್ಳಿ. ಗುಂಪುಗಳಲ್ಲಿ ಮನಸ್ತಾಪ ಶುರುವಾಗುವುದು ಇಲ್ಲಿಂದಲೇ.

ಕಾಶ್ಮೀರ: ದಾಚಿಗಾಮ್ ಮತ್ತು ಚಿನಾರ್ ತೋಟಗಳು

ನಿಜವಾದ ಶರತ್ಕಾಲದ ಬಣ್ಣವೇ ಬೇಕು, ಬೇರೆ ಯಾವುದಕ್ಕೂ ಒಪ್ಪಲ್ಲ ಅನ್ನುವವರಿಗೆ ನನ್ನ ಉತ್ತರ ಇದೇ. ದಾಚಿಗಾಮ್ ರಾಷ್ಟ್ರೀಯ ಉದ್ಯಾನ ಶ್ರೀನಗರದಿಂದ ಸುಮಾರು 22 ಕಿ.ಮೀ. ದೂರದಲ್ಲಿ, 141 ಚದರ ಕಿ.ಮೀ. ವಿಸ್ತಾರದಲ್ಲಿದೆ. ಹಂಗುಲ್ ಎಂಬ ಕಾಶ್ಮೀರದ ಕೆಂಜಿಂಕೆಗೆ ಕೊನೆಯ ದೊಡ್ಡ ಆಸರೆ ಇದು. ಅದರ ಬೆದೆಗಾಲವೂ ಶರತ್ಕಾಲವೇ ಆದ್ದರಿಂದ ಗಂಡು ಜಿಂಕೆಯ ಕೂಗು ಕಣಿವೆಯಲ್ಲಿ ಕೇಳಿಸುವುದುಂಟು. ಒಳಗೆ ಹೋಗಲು ಶ್ರೀನಗರದ ವನ್ಯಜೀವಿ ಇಲಾಖೆಯ ಅನುಮತಿ ಬೇಕು. ಕರಡಿಗಳು ಓಕ್ ಕಾಯಿ, ಅಕ್ರೋಟು ತಿಂದು ಕೊಬ್ಬುವ ಕಾಲ ಅದು, ಆದ್ದರಿಂದ ಕಾವಲುಗಾರರ ಜೊತೆ ಬಿಟ್ಟು ಅಲೆಯಬಾರದು. ಆದರೆ ನಡೆಯಬಹುದು, ನಿಲ್ಲಬಹುದು. ಎಲೆ ಫೋಟೊದವರಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೂ ದಾಚಿಗಾಮ್ ಒಂದನ್ನೇ ನಂಬಿ ಹೋಗಬೇಡಿ. ಅನುಮತಿ ಸಿಗದಿದ್ದರೆ, ಮಳೆ ಬಂದರೆ ಅಂತ ಎರಡನೇ ಜಾಗ ಬೇಕೇಬೇಕು. ಕಾಶ್ಮೀರದ ದೊಡ್ಡ ಅನುಕೂಲ ಏನೆಂದರೆ ಆ ಎರಡನೇ ಜಾಗವೂ ಮೊದಲನೆಯದಷ್ಟೇ ಚೆನ್ನಾಗಿರುತ್ತೆ. ಕಾಶ್ಮೀರ ವಿಶ್ವವಿದ್ಯಾಲಯದ ಆವರಣದಲ್ಲಿರುವ ನಸೀಮ್ ಬಾಗ್ ಪೂರ್ತಿ ಚಿನಾರ್ ಮರಗಳದ್ದೇ ತೋಪು. ನಿಶಾತ್, ಶಾಲಿಮಾರ್ ತೋಟಗಳು ದಾಚಿಗಾಮ್‌ಗೆ ಹೋಗುವ ದಿಕ್ಕಿನಲ್ಲೇ ಸಿಗುತ್ತವೆ. ಬೆಳಕಿನ ಲೆಕ್ಕ ಹೀಗಿದೆ. ನಿಶಾತ್ ಇರುವುದು ದಾಲ್ ಸರೋವರದ ಪೂರ್ವ ದಂಡೆಯಲ್ಲಿ, ಬೆನ್ನಿಗೆ ಜಬರ್ವಾನ್ ಬೆಟ್ಟ. ಬೆಳಿಗ್ಗೆ ಬಿಸಿಲು ಬೆಟ್ಟ ಹತ್ತಿ ಬರುವುದು ತಡ. ಸಂಜೆಯಾದರೆ ಸರೋವರದ ಮೇಲಿಂದ ನೇರ ಬೆಳಕು ಮರಗಳಿಗೆ ಬೀಳುತ್ತೆ. ನಸೀಮ್ ಬಾಗ್ ಎದುರು ದಂಡೆ, ಅಲ್ಲಿಗೆ ಬೆಳಗಿನ ಬಿಸಿಲು ಚೆನ್ನ. ಬೆಳಿಗ್ಗೆ ನಸೀಮ್, ಸಂಜೆ ನಿಶಾತ್, ಇನ್ನೊಂದು ಪೂರ್ತಿ ದಿನ ದಾಚಿಗಾಮ್. ಅದೇ ದಿನಗಳಲ್ಲಿ ಪಾಂಪೋರ್‌ನ ಹೊಲಗಳಲ್ಲಿ ಕೇಸರಿ ಹೂವೂ ಇರುತ್ತೆ.

ಚಿನಾರ್ ಎಲೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬೆರಳು ಅಗಲಿಸಿ ಚಾಚಿದ ಅಂಗೈ ಹಾಗೆ ಇರುತ್ತೆ. ಬಣ್ಣ ತಿರುಗುವುದು ಅಂಚಿನಿಂದ. ಅಂಚು ಕಂದಾಗಿ, ನಡುವೆ ಹಳದಿಯಾಗಿ, ನರಗಳ ಪಕ್ಕದಲ್ಲಿ ಮಾತ್ರ ಹಸಿರು ಕೊನೆಯವರೆಗೆ ಉಳಿದಿರುತ್ತೆ. ಒಂದೇ ಎಲೆಯಲ್ಲಿ ಮೂರು ಬಣ್ಣ ಸಿಗುವುದು ಮೊದಲ ದಿನಗಳಲ್ಲಿ, ಅಂದರೆ ಅಕ್ಟೋಬರ್ ಕೊನೆಯ ವಾರದ ಸುಮಾರಿಗೆ. ಇಡೀ ಮರವೇ ಕೆಂಪಾಗಿ, ನೆಲವೂ ಕೆಂಪಾಗುವುದು ನವೆಂಬರ್ ಮೊದಲ ಹತ್ತು ದಿನಗಳಲ್ಲಿ. ಮ್ಯಾಕ್ರೋ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಫೋಟೊ, ಇಷ್ಟಪಡುವವರು ಮುಂಚೆ ಹೋಗಿ, ಅಗಲ ಲೆನ್ಸ್‌ನವರು ಆಮೇಲೆ ಹೋಗಿ. ಇನ್ನೂ ತಡವಾದರೆ ಉದುರಿದ ಎಲೆ ಗುಡ್ಡೆ ಹಾಕಿ ಸುಡುತ್ತಿರುತ್ತಾರೆ. ಚಳಿಗಾಲದಲ್ಲಿ ಕಾಂಗ್ಡಿಗೆ, ಅಂದರೆ ಮೈ ಕಾಯಿಸುವ ಕೆಂಡದ ಮಡಕೆಗೆ, ಹಾಕಲು ಬೇಕಾದ ಇದ್ದಿಲು ಅದರಿಂದಲೇ. ಆ ಹೊಗೆಯಲ್ಲಿ ಬಿಸಿಲಿನ ಕೋಲು ಇಳಿಯುವುದೂ ಒಳ್ಳೆಯ ಚಿತ್ರವೇ.

ಇನ್ನು ಕಷ್ಟದ ಕಡೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಅಲ್ಲಿಂದ ವಿಮಾನ, ಹೆಚ್ಚಾಗಿ ದೆಹಲಿಯಲ್ಲಿ ಬದಲಾವಣೆ. ಹೋಗೋಕೆ ಒಂದು ದಿನ, ಬರೋಕೆ ಒಂದು ದಿನ ಹೋಯಿತು ಅಂತಲೇ ಲೆಕ್ಕ ಹಾಕಿ. ಐದು ರಾತ್ರಿಗೆ ಎಷ್ಟೇ ಹಿಡಿತದಲ್ಲಿ ಖರ್ಚು ಮಾಡಿದರೂ ತಲೆಗೆ 30 ಸಾವಿರದ ಕೆಳಗೆ ಇಳಿಸುವುದು ಕಷ್ಟ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ಚೆನಾಬ್ ಸೇತುವೆ ಮೇಲೆ ವಂದೇ ಭಾರತ್ ಓಡುತ್ತಿದೆ. ವಿಮಾನದ ದುಡ್ಡು ಉಳಿಸಬೇಕು ಅನ್ನುವವರಿಗೆ ದಾರಿ ಇದೆ, ಆದರೆ ನಮ್ಮ ಊರಿನಿಂದ ಅಲ್ಲಿಗೆ ರೈಲಲ್ಲೇ ಹೋಗುವುದೆಂದರೆ ಇನ್ನೂ ನಾಲ್ಕೈದು ದಿನ ರಜೆ ಬೇಕು. 2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿಯ ನಂತರ ಕಣಿವೆಯ ಹಲವು ತಾಣಗಳನ್ನು ಮುಚ್ಚಿ, ಹಂತ ಹಂತವಾಗಿ ತೆರೆದರು. ಆದ್ದರಿಂದ ಹೊರಡುವ ವಾರ ಯಾವುದು ತೆರೆದಿದೆ ಅಂತ ಕೇಳಿಕೊಂಡೇ ಹೊರಡಿ. ಮನೆಯವರು ಒಪ್ಪುತ್ತಾರಾ ಅನ್ನುವುದೂ ಗುಂಪಿನ ನಿರ್ಧಾರದಲ್ಲಿ ಸೇರಬೇಕು. ಮನೆಯಲ್ಲಿ ಗಾಬರಿ ಇಟ್ಟುಕೊಂಡು ಹೋದವರಿಗೆ ಅಲ್ಲಿ ಕ್ಯಾಮೆರಾ ಕಡೆ ಮನಸ್ಸು ನಿಲ್ಲಲ್ಲ.

ಹಿಮಾಚಲ: ತೀರ್ಥನ್ ಕಣಿವೆ

ಕುಲ್ಲು ಜಿಲ್ಲೆಯ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನ 2014ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಒಳಗೆ ಗಾಡಿ ರಸ್ತೆಯೇ ಇಲ್ಲ, ಪೂರ್ತಿ ನಡಿಗೆ. ಅಂಚಿನ ಹಳ್ಳಿಗಳಾದ ಗುಶೈನಿ, ಬಂಜಾರ್ ಕಡೆ ಉಳಿದುಕೊಂಡು ತೀರ್ಥನ್ ಹೊಳೆ ದಂಡೆಯಲ್ಲಿ ಓಡಾಡಿದರೂ ಅಕ್ಟೋಬರ್ ಮಧ್ಯದಿಂದ ಅಕ್ರೋಟು, ಮೇಪಲ್ ಮರಗಳ ಹಳದಿ ಸಿಗುತ್ತೆ. ಹಿಂದೆ ದೇವದಾರು ಹಸಿರಾಗೇ ಇರುತ್ತೆ, ಅದರ ಮುಂದೆ ಈ ಹಳದಿ ಎದ್ದು ಕಾಣುತ್ತೆ. ಕಾಶ್ಮೀರದಂತೆ ಎಲ್ಲೆಲ್ಲೂ ಕೆಂಪು ಇರಲ್ಲ.

ಖರ್ಚು ಕಾಶ್ಮೀರಕ್ಕಿಂತ ಕಡಿಮೆ, ಅದೂ ರೈಲಲ್ಲಿ ಹೋದರೆ ಮಾತ್ರ. ಹುಬ್ಬಳ್ಳಿ ಮೇಲೆ ದೆಹಲಿಗೆ ರೈಲು, ಅಲ್ಲಿಂದ ರಾತ್ರಿ ಬಸ್ಸಲ್ಲಿ ಔಟ್ ಅನ್ನುವ ಊರು, ಆಮೇಲೆ ಟ್ಯಾಕ್ಸಿ. ಹತ್ತು ದಿನ ಬಿಡುವು ಇರುವ, ಮಂಡಿ ಗಟ್ಟಿ ಇರುವ ನಾಲ್ಕೈದು ಜನರ ಗುಂಪಿಗೆ ಇದು ತುಂಬಾ ಚೆನ್ನ. ಹದಿನಾಲ್ಕು ಜನರ ಟಿಟಿ (ಟೆಂಪೊ ಟ್ರಾವೆಲರ್) ಗುಂಪಿಗೆ ಬೇಡ. ಮಳೆಗಾಲದಲ್ಲಿ ಕುಲ್ಲು ರಸ್ತೆಗಳಿಗೆ 2023ರಲ್ಲೂ 2025ರಲ್ಲೂ ದೊಡ್ಡ ಪೆಟ್ಟು ಬಿದ್ದಿದೆ, ಸೆಪ್ಟೆಂಬರ್ ಕೊನೆಯಲ್ಲಿ ರಸ್ತೆ ಸ್ಥಿತಿ ಕೇಳಿಕೊಂಡೇ ಮುಂಗಡ ಕೊಡಿ.

ಕುದುರೆಮುಖ

ಇದರ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ. ಎಲೆ ಬಣ್ಣಕ್ಕಾಗಿ ಕುದುರೆಮುಖಕ್ಕೆ ಹೋಗಬೇಡಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿ.ಮೀ. ಇರುವ ಈ ಕಾಡಿನ ಶೋಲಾ ಮರಗಳು ನಿತ್ಯಹಸಿರು, ಒಟ್ಟಿಗೆ ಎಲೆ ಉದುರಿಸುವ ಜಾತಿಯಲ್ಲ. ಇಲ್ಲಿ ಬಣ್ಣ ಬದಲಿಸುವುದು ಹುಲ್ಲು. ಅಕ್ಟೋಬರ್‌ನಲ್ಲಿ ಮಂಜು ಮತ್ತು ಹಸಿರು, ಡಿಸೆಂಬರ್ ದಾಟಿದರೆ ಬೆಟ್ಟದ ಮೈಯೆಲ್ಲ ಹೊಂಬಣ್ಣ, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕಡುಹಸಿರು ಶೋಲಾ. ಇಳಿಬಿಸಿಲಲ್ಲಿ ಆ ಎರಡು ಬಣ್ಣಗಳ ಗೆರೆ ಬಹಳ ಚೆನ್ನಾಗಿ ಬರುತ್ತೆ. ಅದು ಬೇಕಿದ್ದರೆ ಧನುರ್ಮಾಸ ಸರಿಯಾದ ಕಾಲ, ನಮ್ಮ ಮದುವೆ ಫೋಟೊದವರಿಗೂ ಬಿಡುವು.

ಒಂದು ತೊಂದರೆ ಇದೆ. ಶೃಂಗೇರಿ ದಾಟಿ ಕೆರೆಕಟ್ಟೆ ಕಡೆಯಿಂದ ಉದ್ಯಾನದೊಳಗೆ ಹೋಗುವ ರಸ್ತೆಯಲ್ಲಿ ಚೆಕ್‌ಪೋಸ್ಟ್‌ನವರು ಸಮಯ ಬರೆದ ಚೀಟಿ ಕೊಡುತ್ತಾರೆ. ಅಷ್ಟು ಹೊತ್ತಲ್ಲಿ ಆಚೆ ದಾಟಬೇಕು, ನಡುವೆ ಗಾಡಿ ನಿಲ್ಲಿಸಿ ಟ್ರೈಪಾಡ್ ಹಾಕುವಂತಿಲ್ಲ. ನಿಂತು ತೆಗೆಯಬೇಕೆಂದರೆ ಚಾರಣವೇ ದಾರಿ, ಅದಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಬುಕಿಂಗ್ ಆಗಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಶನಿವಾರ, ಭಾನುವಾರ ಬೇಗ ತುಂಬಿಹೋಗುತ್ತೆ. ಬೇಸಿಗೆ ಹತ್ತಿರ ಬಂದಂತೆ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುವುದೂ ಇದೆ.

ಭದ್ರಾ, ಮತ್ತು ಸ್ವಲ್ಪ ನಾಗರಹೊಳೆ

ನಮ್ಮ ಗದ್ದೆಗಳಿಗೆ ನಾಲೆಯಲ್ಲಿ ನೀರು ಬರುತ್ತಲ್ಲ, ಆ ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿಗೆ ಅಂಟಿಕೊಂಡೇ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಇದೆ. ಕಾನೂನಿನ ಪ್ರಕಾರ ಅದು ರಾಷ್ಟ್ರೀಯ ಉದ್ಯಾನ ಅಲ್ಲ, ಅಭಯಾರಣ್ಯ. ಫೋಟೊಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ. ದಾವಣಗೆರೆಯಿಂದ ಚನ್ನಗಿರಿ, ಭದ್ರಾವತಿ ಮೇಲೆ ಮೂರು ಗಂಟೆಯ ದಾರಿ. ಚಿತ್ರದುರ್ಗದಿಂದಲೂ ಹೆಚ್ಚುಕಮ್ಮಿ ಅಷ್ಟೇ.

ಜನವರಿ ಕೊನೆಯಿಂದ ಇಲ್ಲಿನ ತೇಗ, ಮತ್ತಿ, ನಂದಿ ಮರಗಳು ಎಲೆ ಬಿಡಲು ಶುರು ಮಾಡುತ್ತವೆ. ನಂದಿಯ ಬೆಳ್ಳನೆಯ ನುಣುಪು ಕಾಂಡದ ಪಕ್ಕ ಮತ್ತಿಯ ಮೊಸಳೆ ಚರ್ಮದಂಥ ಕಪ್ಪು ತೊಗಟೆ, ಕೆಳಗೆ ತಟ್ಟೆಯಗಲದ ತೇಗದ ಒಣ ಎಲೆ. ಬಣ್ಣ ಕಡಿಮೆ ಅನ್ನಿಸಿದರೆ ಅಲ್ಲಲ್ಲಿ ಮುತ್ತುಗ ಇದೆ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿಸಿ ಬೋಳು ಕೊಂಬೆ ತುಂಬಾ ಕಿತ್ತಳೆ ಹೂ ಬಿಡುತ್ತೆ. ಮಕರಂದಕ್ಕೆ ಮೈನಾ, ಪಿಕಳಾರ, ಕಾಜಾಣ ಬಂದು ಕೂರುತ್ತವೆ, ಹಕ್ಕಿ ಫೋಟೊದವರಿಗೂ ಕೆಲಸ ಸಿಗುತ್ತೆ. ನಾಲೆಗೆ ನೀರು ಬಿಟ್ಟು ಹಿನ್ನೀರು ಇಳಿದಂತೆ ನಡುಗಡ್ಡೆಗಳು ಮೇಲೇಳುತ್ತವೆ, ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಮೊಟ್ಟೆ ಇಡುತ್ತವೆ.

ಗಾಡಿಯಿಂದ ಇಳಿಯುವಂತಿಲ್ಲ, ಅದು ಇಲ್ಲಿನ ದೊಡ್ಡ ಕೊರತೆ. ಅದಕ್ಕೆ ನನ್ನ ಸಲಹೆ, ಜೀಪ್ ಸಫಾರಿ ಒಂದಾದರೆ ದೋಣಿ ಸಫಾರಿ ಎರಡು ಇಟ್ಟುಕೊಳ್ಳಿ. ನೀರಿನ ಮೇಲಿಂದ ದಂಡೆಯ ಮರಗಳ ಸಾಲು, ಅದರ ನೆರಳು, ಹಿಂದಿನ ಬೆಟ್ಟ ಎಲ್ಲ ಬಿಚ್ಚಿಕೊಂಡು ಸಿಗುತ್ತೆ, ಯಾರಿಗೂ ಯಾರೂ ಅಡ್ಡ ಬರಲ್ಲ. ಟ್ರೈಪಾಡ್ ಮಾತ್ರ ದೋಣಿಯಲ್ಲಿ ಕೆಲಸಕ್ಕೆ ಬರಲ್ಲ. ಸಫಾರಿ ಸೇರಿದ ವಸತಿ ತಲೆಗೆ ಒಂದು ರಾತ್ರಿಗೆ ಕೆಲವು ಸಾವಿರ ಆಗುತ್ತೆ, ದೊಡ್ಡ ಲೆನ್ಸ್‌ಗೆ ಬೇರೆ ಶುಲ್ಕ ಕೇಳುತ್ತಾರೆ, ಮೊದಲೇ ವಿಚಾರಿಸಿ. ಒಂದು ರಾತ್ರಿ ಸಾಕು. ಯಾರೋ ಒಬ್ಬರು ಕೊನೆಗೆ ಬಿಟ್ಟರೂ ನಷ್ಟ ದೊಡ್ಡದಲ್ಲ.

ನಾಗರಹೊಳೆಯಲ್ಲೂ ಇದೇ ಕಾಲ, ಇಂಥದ್ದೇ ಮರಗಳು, ಪ್ರಾಣಿ ಕಾಣುವ ಅವಕಾಶ ಜಾಸ್ತಿ. ಆದರೆ ದೂರ ಎರಡರಷ್ಟಕ್ಕಿಂತ ಹೆಚ್ಚು, ಖರ್ಚೂ ಹೆಚ್ಚು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ಸರ್ಕಾರ ಅಲ್ಲಿನ ಮತ್ತು ಬಂಡೀಪುರದ ಸಫಾರಿಯನ್ನೇ ನಿಲ್ಲಿಸಿತ್ತು. ಎಲೆಗಾಗಿಯೇ ಹೋಗುವುದಾದರೆ ಭದ್ರಾ ಬಿಟ್ಟು ಅಲ್ಲಿಗೆ ಹೋಗಲು ನನಗೆ ಕಾರಣ ಕಾಣಲ್ಲ.

ಮನೆ ಹತ್ತಿರದ ಕಾಡು

ಜೋಗಿಮಟ್ಟಿ ಚಿತ್ರದುರ್ಗ ಊರಿನಿಂದ ಹತ್ತು ಕಿ.ಮೀ. ಆಸುಪಾಸು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಅಭಯಾರಣ್ಯ 77 ಚದರ ಕಿ.ಮೀ. ಇದೆ. ಎರಡೂ ಒಣ ಕಾಡು, ಎರಡಕ್ಕೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು, ಕರಡಿ, ಚಿರತೆ ಇರುವ ಜಾಗ. ಡಿಸೆಂಬರ್‌ನಲ್ಲಿ ಜೋಗಿಮಟ್ಟಿಯ ಹುಲ್ಲು ಒಣಗಿ, ಬೆಳಗಿನ ಮಂಜು ಇನ್ನೂ ಇರುವ ಎರಡು ಮೂರು ವಾರ ಇದೆ ನೋಡಿ, ಅದನ್ನು ನಮ್ಮವರೇ ಸರಿಯಾಗಿ ಫೋಟೊ ಮಾಡಿಲ್ಲ ಅನ್ನುವುದು ನನ್ನ ಬೇಸರ. ಫೆಬ್ರವರಿ, ಮಾರ್ಚ್‌ನಲ್ಲಿ ಊರಂಚಿನ ಅರಳಿ ಮರಗಳ ತಾಮ್ರದ ಚಿಗುರು, ಮಾವಿನ ಕೆಂಪು ಚಿಗುರು, ಯುಗಾದಿ ಹೊತ್ತಿಗೆ ಹೊಂಗೆಯ ಮಿನುಗುವ ಎಳೆಹಸಿರು. ಇದಕ್ಕೆ ರಜೆ ಬೇಡ, ಮುಂಗಡ ಬೇಡ, ಪೆಟ್ರೋಲ್ ಮತ್ತು ತಿಂಡಿ ದುಡ್ಡು ಸಾಕು. ಅದಕ್ಕಿಂತ ಮುಖ್ಯವಾಗಿ, ಒಂದೇ ಮರದ ಹತ್ತಿರಕ್ಕೆ ವಾರ ಬಿಟ್ಟು ವಾರ ಹೋಗಬಹುದು. ದೂರದ ಪ್ರವಾಸದಲ್ಲಿ ಅದು ಯಾವತ್ತೂ ಸಿಗಲ್ಲ.

ಹಾಗಾದರೆ ಯಾರಿಗೆ ಯಾವುದು?

ಗುಂಪಲ್ಲಿ ಬಹುತೇಕ ಎಲ್ಲರೂ ಫೋಟೊಗಾಗಿಯೇ ಬರುವವರು, ಆರರಿಂದ ಎಂಟು ಜನ, ತಲೆಗೆ 30ರಿಂದ 40 ಸಾವಿರ ಹಾಕುವ ಶಕ್ತಿ ಇದೆ ಅಂದರೆ ಕಾಶ್ಮೀರಕ್ಕೇ ಹೋಗಿ, ಅರ್ಧಂಬರ್ಧ ಬಣ್ಣಕ್ಕೆ ಒಪ್ಪಿಕೊಳ್ಳಬೇಡಿ. ಕುಟುಂಬ, ಮಕ್ಕಳು ಜೊತೆಗಿದ್ದರೂ ಇದು ಪರವಾಗಿಲ್ಲ, ಯಾಕೆಂದರೆ ತೋಟಗಳಲ್ಲಿ ಅವರಿಗೂ ಹೊತ್ತು ಹೋಗುತ್ತೆ. ಹೊಸದಾಗಿ ಕ್ಯಾಮೆರಾ ಕೊಂಡವರು, ಮೊಬೈಲಲ್ಲೇ ತೆಗೆಯುವವರು, ದೊಡ್ಡ ಲೆನ್ಸ್‌ನವರು ಎಲ್ಲ ಬೆರೆತ ಗುಂಪಾದರೆ, ದುಡ್ಡಿನ ಅಂತರವೂ ಇದ್ದರೆ, ಭದ್ರಾ. ಒಂದು ವಾರಾಂತ್ಯದಲ್ಲಿ ಮುಗಿಯುತ್ತೆ, ಯಾರಿಗೂ ಸಾಲ ಮಾಡಿ ಬಂದೆ ಅನ್ನಿಸಲ್ಲ. ಕಾಲೇಜು ಹುಡುಗರಾಗಿದ್ದರೆ ಈ ವರ್ಷ ಜೋಗಿಮಟ್ಟಿ, ರಂಗಯ್ಯನದುರ್ಗ ಮಾಡಿ, ಉಳಿಸಿದ ದುಡ್ಡಲ್ಲಿ ಮುಂದೆ ತೀರ್ಥನ್‌ಗೆ ಹೋಗಿ. ಹನ್ನೆರಡಕ್ಕಿಂತ ಜಾಸ್ತಿ ಜನ ಇದ್ದರೆ ಎಲ್ಲಿಗೆ ಹೋದರೂ ಎರಡು ಗುಂಪು ಮಾಡಿ, ಇಬ್ಬರು ಮುಂದಾಳುಗಳು ಇರಲಿ.

ಕ್ಯಾಮೆರಾ ವಿಷಯದಲ್ಲಿ ಎಲ್ಲ ಜಾಗಕ್ಕೂ ಹೊಂದುವ ಮೂರು ಮಾತು. ಪೋಲರೈಸರ್ ಫಿಲ್ಟರ್ ಒಂದು ಇರಲಿ. ಎಲೆ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಬಣ್ಣ ಬರುತ್ತೆ, ಇದನ್ನು ಆಮೇಲೆ ಕಂಪ್ಯೂಟರಲ್ಲಿ ಪೂರ್ತಿ ಸರಿಮಾಡಲು ಆಗಲ್ಲ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಡಬೇಡಿ, ಅದು ಕೆಂಪು, ಹಳದಿಯ ಬಿಸಿಯನ್ನು ತಣ್ಣಗೆ ಮಾಡುತ್ತೆ. ಡೇಲೈಟ್‌ಗೆ ಇಡಿ. ಕೆಂಪು ಎಲೆ ತೆಗೆಯುವಾಗ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಒಟ್ಟಾರೆ ಹಿಸ್ಟೋಗ್ರಾಮ್ (ಚಿತ್ರದ ಬೆಳಕು, ಕತ್ತಲೆ ತೋರಿಸುವ ಗ್ರಾಫ್) ಸರಿ ಕಂಡರೂ ಕೆಂಪು ಚಾನೆಲ್ ಮಾತ್ರ ಸುಟ್ಟುಹೋಗಿರುತ್ತೆ, ಎಲೆಯ ನರವೇ ಕಾಣಲ್ಲ.

ಕಾಶ್ಮೀರ ಅಂತ ತೀರ್ಮಾನವಾದರೆ ಆಗಸ್ಟ್ ಒಳಗೆ ವಿಮಾನದ ಟಿಕೆಟ್ ಆಗಲಿ, ಟಿಕೆಟ್ ದುಡ್ಡು ಕೊಟ್ಟವರನ್ನೇ ಗುಂಪಿನಲ್ಲಿ ಎಣಿಸಿ. ವಾಪಸ್ ಬರದ ದುಡ್ಡು ಬಿಟ್ಟವರದ್ದೇ ಹೊಣೆ ಅಂತ ಮೊದಲೇ ಬರೆದು ಎಲ್ಲರಿಗೂ ಕಳಿಸಿ. ಭದ್ರಾಗೆ ಡಿಸೆಂಬರ್‌ನಲ್ಲೇ ಬುಕ್ ಮಾಡಿದರೆ ಫೆಬ್ರವರಿಯ ಶನಿವಾರ ಸಿಗುವ ಸಾಧ್ಯತೆ ಹೆಚ್ಚು. ಕಾಶ್ಮೀರದವರಿಗೆ ಇನ್ನೆರಡು ವಿಷಯ. ನವೆಂಬರ್ ಬೆಳಿಗ್ಗೆಯ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ, ಇನ್ನೊಂದನ್ನು ಒಳಜೇಬಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯಲ್ಲ, ಆದ್ದರಿಂದ ಪ್ರತಿ ಗಾಡಿಯಲ್ಲಿ ಒಬ್ಬರ ಹತ್ತಿರವಾದರೂ ಪೋಸ್ಟ್‌ಪೇಯ್ಡ್ ನಂಬರ್ ಇರಬೇಕು.